ನಾನು ಮಾಡದ ಸಹಿ

೧೯೯೧ರಲ್ಲಿ ನಾನು ಸಾಲಿ ಬಿಟ್ಟೆ. ಏಳನೇ ಕ್ಲಾಸು ಪೂರಾ ಆಗಿರಲಿಲ್ಲ. ಬಿಡಿಸಿದವರು ಯಾರೂ ಇಲ್ಲ, ನಾನೇ ಬಿಟ್ಟೆ. ಮಾನ್ವಿಯಲ್ಲಿ ನಮ್ಮ ಸಾಲಿಗೆ ಎರಡು ಹೊಸ ಖೋಲಿ ಕಟ್ಟುತ್ತಿದ್ದರು. ಕಿಟಕಿಯಿಂದ ಅದನ್ನೇ ನೋಡುತ್ತ ಕುಂತವನು ಒಂದು ದಿನ ಪಾಟಿಚೀಲ ಬೆಂಚಿನ ಮೇಲೆ ಬಿಟ್ಟು ಹೊರಗೆ ಹೋಗಿ ಗೌಂಡಿಗೆ ಇಟ್ಟಂಗಿ ಎತ್ತಿಕೊಟ್ಟೆ. ಸಂಜೆ ಅವನು ನಾಳೆಯೂ ಬಾ ಅಂದ. ಅಲ್ಲಿಗೆ ನನ್ನ ವಿದ್ಯಾಭ್ಯಾಸ ಮುಗಿಯಿತು. ಸಾಲಿಯಿಂದ ನಾನು ತಂದದ್ದು ಎರಡು. ಕನ್ನಡವನ್ನು ಗಟ್ಟಿಯಾಗಿ ಓದುವುದು ಒಂದು. ಹೆಡ್ ಮಾಸ್ತರರ ಸಹಿ ನೋಡಿ ನೋಡಿ ಕಲಿತ ನನ್ನ ಸಹಿ ಇನ್ನೊಂದು. ಹೆಸರಿನ ಕೆಳಗೆ ಎರಡು ಗೆರೆ, ಕೆಳಗಿನ ಗೆರೆಯ ತುದಿಗೆ ಒಂದು ಚುಕ್ಕೆ. ನಮ್ಮ ಮನೆತನದಲ್ಲಿ ಹೆಬ್ಬೆಟ್ಟು ಒತ್ತದೆ ಸಹಿ ಮಾಡಿದ ಮೊದಲನೆಯವನು ನಾನು.

ಮೇಸ್ತ್ರಿ ಅನ್ನಿಸಿಕೊಳ್ಳಲು ಹದಿನಾಲ್ಕು ವರ್ಷ ಹಿಡಿಯಿತು. ಯಾರ ಹಂಗೂ ಇಲ್ಲದೆ ಮೇಲೆ ಬಂದವನು ಎಂಬ ಸೊಕ್ಕು ನನಗಿತ್ತು, ಈಗಲೂ ಪೂರಾ ಹೋಗಿಲ್ಲ. ಸಿರವಾರದಲ್ಲಿ, ರಾಯಚೂರಿನ ಹೊಸ ಲೇಔಟುಗಳಲ್ಲಿ ನಾನು ನಿಂತು ಕಟ್ಟಿಸಿದ ಮನೆಗಳ ಮುಂದೆ ಹಾಯುವಾಗ ಬೈಕು ತಾನೇ ಸಾವಕಾಶ ಆಗುತ್ತದೆ. ಮಾನ್ವಿಯ ನಮ್ಮ ಚರ್ಚಿನ ಹೊಸ ಗೋಡೆ ನನ್ನ ಕೈಯದು. ಹನ್ನೊಂದು ವರ್ಷದ ಹಿಂದೆ ಸಭೆಯವರು ನನ್ನನ್ನು ಹಿರಿಯನನ್ನಾಗಿ ಆರಿಸಿದರು. ಮಾಸ್ತರರು, ಬ್ಯಾಂಕಿನವರು ಕೂತಿರುವ ಕಡೆ ಸಾಲಿ ಬಿಟ್ಟವನು ಎದ್ದು ನಿಂತು ಬೈಬಲಿನ ವಾಕ್ಯ ಓದುತ್ತಿದ್ದೆ, ಮೈಕು ಬೇಕಾಗುತ್ತಿರಲಿಲ್ಲ. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ, ಯೇಸುವಿನ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವ ದಿನ. ಆ ದಿನ ದ್ರಾಕ್ಷಾರಸ ತುಂಬಿದ ಸಣ್ಣ ಲೋಟಗಳ ತಟ್ಟೆ ಹಿಡಿದು ಸಾಲು ಸಾಲಿಗೆ ಹೋಗುವ ಕೆಲಸವೂ ನನ್ನದೇ. ಒಂದು ಹನಿ ಚೆಲ್ಲುತ್ತಿರಲಿಲ್ಲ. ಗಾರೆ ಮೆತ್ತುವ ಕರಣಿ ಹಿಡಿದ ಕೈ ನಡುಗುವುದಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ನನ್ನ ಸೈಟಿನಲ್ಲಿ ನನ್ನದೇ ಒಂದು ಕಾನೂನು ಇತ್ತು. ಹೊಟ್ಟೆ ಕಾಣಿಸಿದ ಹೆಣ್ಣುಮಗಳು ಮರುದಿನದಿಂದ ಕೆಲಸಕ್ಕೆ ಬರಬಾರದು. ಅದಕ್ಕೆ ಕಾರಣ ಇತ್ತು. ಬಹಳ ಹಿಂದೆ ಬೇರೊಬ್ಬರ ಕೈಕೆಳಗೆ ದುಡಿಯುವಾಗ, ಆರು ತಿಂಗಳ ಬಸುರಿ ಕಾಂಕ್ರೀಟ್ ಬುಟ್ಟಿ ಹೊತ್ತು ಹಲಗೆ ಏರುತ್ತ ಜಾರಿ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೆ. ಆಕೆ ಉಳಿದಳು, ಕೂಸು ಉಳಿಯಲಿಲ್ಲ. ನನ್ನ ಕೈಕೆಳಗೆ ಹಂಗೆ ಆಗಬಾರದು ಎಂದು ಈ ಕಾನೂನು ಮಾಡಿದೆ. ಒಂದು ಭಾನುವಾರ ಚರ್ಚಿನಲ್ಲಿ, ತಮ್ಮ ಬಾಳಿನದನ್ನು ಎದ್ದು ಸಾಕ್ಷಿ ಹೇಳುವ ಹೊತ್ತಿನಲ್ಲಿ, ಇದನ್ನೂ ಹೇಳಿದೆ, ಸಭೆಯೆಲ್ಲ ಆಮೆನ್ ಅಂದಿತು. ಮಾನ್ವಿಯ ಬೇರೆ ಮೇಸ್ತ್ರಿಗಳೂ ಅದನ್ನೇ ಹಿಡಿದರು. ಮನೆಗೆ ಕಳಿಸಿದ ಹೆಣ್ಣುಮಗಳು ಮುಂದೆ ಏನು ತಿನ್ನುತ್ತಾಳೆ ಎಂದು ಸಭೆಯಲ್ಲಿ ಯಾರೂ ಕೇಳಲಿಲ್ಲ. ನನಗೂ ಹೊಳೆಯಲಿಲ್ಲ. ಸೆರಗು ಬಿಗಿದು, ಒಳಗೆ ಟವೆಲ್ ಸುತ್ತಿಕೊಂಡು ಏಳು ತಿಂಗಳವರೆಗೆ ನನ್ನ ಕಣ್ಣಿಗೆ ಮಣ್ಣೆರಚಿದವರೂ ಇದ್ದರಂತೆ. ಅದು ನನಗೆ ಗೊತ್ತಾದದ್ದು ಈಗೀಗ.

ನಾನು ಬರೆಯಬೇಕೆಂದು ಕೂತದ್ದು ಒಬ್ಬ ಹೆಣ್ಣುಮಗಳ ಸಲುವಾಗಿ. ಆಕೆ ದೇವದುರ್ಗ ಕಡೆಯ ಅರಕೇರಾದವಳು. ಗಂಡನ ಜೊತೆ ಮಾನ್ವಿಗೆ ಬಂದು ನಮ್ಮ ಚರ್ಚಿನ ಹಿಂದಿನ ಓಣಿಯಲ್ಲಿ ಒಂದು ಖೋಲಿ ಹಿಡಿದಿದ್ದಳು. ಇಬ್ಬರೂ ನನ್ನ ಹತ್ತಿರವೇ ಕೆಲಸಕ್ಕಿದ್ದರು, ಇಬ್ಬರೂ ನಮ್ಮ ಸಭೆಯವರೇ. ಮೂರು ವರ್ಷದ ಒಬ್ಬ ಮಗಳು. ಆಕೆ ಹತ್ತನೇ ಕ್ಲಾಸು ಪಾಸಾಗಿದ್ದಳು, ಅಂದರೆ ನನಗಿಂತ ಹೆಚ್ಚು ಓದಿದವಳು. ತಲೆಯ ಮೇಲೆ ಬುಟ್ಟಿ ಇದ್ದರೂ ಬಾಯಿ ಸುಮ್ಮನಿರುತ್ತಿರಲಿಲ್ಲ. ಸೈಟಿನಲ್ಲಿ ನನ್ನನ್ನು ಮೇಸ್ತ್ರಿ ಅನ್ನುತ್ತಿದ್ದಳು, ಚರ್ಚಿನಲ್ಲಿ ಅಣ್ಣಾ. ಒಮ್ಮೆ ಸಿಮೆಂಟಿನ ಚೀಟಿಗೆ ನಾನು ಸಹಿ ಹಾಕುವುದನ್ನು ನೋಡಿ, "ಎರಡ್ ಗೆರಿ ಯಾಕ್ರಿ ಮೇಸ್ತ್ರಿ? ಒಂದು ಬುನಾದಿ, ಒಂದು ನೆಲ ಏನು?" ಅಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ, ಆದರೆ ಒಳಗೆ ಚುಚ್ಚಿತು.

ಆ ವರ್ಷ ಆಕೆಯ ಗಂಡನಿಗೆ ಟಿಬಿ ಅಂತ ಗೊತ್ತಾಯಿತು. ಆರು ತಿಂಗಳು ಗುಳಿಗೆ, ಭಾರ ಎತ್ತುವಂತಿಲ್ಲ. ಆಕೆಯೊಬ್ಬಳ ದುಡಿಮೆಯ ಮೇಲೆ ಮನೆ ನಿಂತಿತು. ಆಗಲೇ ಆಕೆ ಒಂದು ಫಾರ್ಮು ತಂದು ನನ್ನ ಮುಂದೆ ಹಿಡಿದಳು. ಕಟ್ಟಡ ಕೆಲಸದವರಿಗೆ ಸರಕಾರ ಕೊಡುವ ಕಾರ್ಡಿನ ಅರ್ಜಿ. ವರ್ಷದಲ್ಲಿ ತೊಂಬತ್ತು ದಿನ ಈಕೆ ಕೆಲಸ ಮಾಡಿದ್ದಾಳೆ ಎಂದು ಕೆಲಸ ಕೊಟ್ಟವನು ಬರೆದು ಸಹಿ ಮಾಡಬೇಕು. ಕಾರ್ಡು ಇದ್ದರೆ ಕಾಯಿಲೆ, ಜಡ್ಡು ಜಾಪತ್ತಿಗೆ, ಹೆರಿಗೆಗೆ, ಮಕ್ಕಳ ಓದಿಗೆ ಏನಾದರೂ ಸಹಾಯ ಬರುತ್ತದೆ. ಆಕೆ ನನ್ನ ಹತ್ತಿರ ಇನ್ನೂರು ದಿನದ ಮೇಲೆ ದುಡಿದಿದ್ದಳು. ಫಾರ್ಮಿನಲ್ಲಿ ನನ್ನ ಸಹಿಯ ಗೆರೆಯೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಾನೇ ತುಂಬಿದ್ದಳು.

ನಾನು ಆಗುವುದಿಲ್ಲ ಅಂದೆ. ಅದಕ್ಕೂ ಕಾರಣ ಇತ್ತು ನೋಡ್ರಿ, ನನ್ನ ಹತ್ತಿರ ಯಾವಾಗಲೂ ಕಾರಣ ಇರುತ್ತದೆ. ಕೆಲವು ವರ್ಷದ ಹಿಂದೆ ಪರಿಚಯದವನೊಬ್ಬ ಇಂಥವೇ ಫಾರ್ಮುಗಳ ಒಂದು ಕಟ್ಟು ತಂದಿದ್ದ. ನಾನು ಓದದೆ, ಚಹಾ ಕುಡಿಯುತ್ತ, ಎಲ್ಲಕ್ಕೂ ಸಹಿ ಹೊಡೆದೆ. ಅದರಲ್ಲಿ ಕರಣಿಯನ್ನೇ ಮುಟ್ಟದ ಕಿರಾಣಿ ಅಂಗಡಿಯವರೂ ಇದ್ದರು. ಕಾರ್ಮಿಕ ಇಲಾಖೆಯವರು ಕಚೇರಿಗೆ ಕರೆಸಿ ಕೇಳಿದರು. ಅಲ್ಲಿ ಕೂತ ಹುಡುಗ ವಯಸ್ಸಿನ ನೌಕರ, "ಓದಾಕ ಬರತದೇನು ನಿಮಗ?" ಅಂದ. ತಪ್ಪು ನನ್ನದೇ ಇತ್ತು. ಆದರೆ ಆ ಒಂದು ಮಾತು ಮುಳ್ಳು ಮುರಿದಂತೆ ಒಳಗೇ ಉಳಿಯಿತು. ಅವತ್ತಿನಿಂದ ಸರಕಾರದ ಯಾವ ಕಾಗದಕ್ಕೂ ಸಹಿ ಇಲ್ಲ ಎಂದು ಹಟ ಹಿಡಿದೆ. ನನ್ನ ಹತ್ತಿರ ಕೆಲಸ ಮಾಡುವವರಿಗೆ ಅದರಿಂದ ಏನಾಗುತ್ತದೆ ಎಂದು ಲೆಕ್ಕ ಹಾಕಲಿಲ್ಲ.

ಎರಡನೇ ಸಲ ಆಕೆ ಹಾರ್ಡ್‌ವೇರ್ ಅಂಗಡಿಯ ಮುಂದೆ ಫಾರ್ಮು ಹಿಡಿದಳು. ಅಲ್ಲಿ ನನ್ನ ಸ್ಲ್ಯಾಬುಗಳಿಗೆ ಹಲಗೆ ಕಟ್ಟುವ ಸೆಂಟ್ರಿಂಗಿನ ಸಾಬರು ನಿಂತಿದ್ದರು. ಅವರು ನಡುವೆ ಬಾಯಿ ಹಾಕಿ, ತಮ್ಮ ಹುಡುಗರಿಗೆಲ್ಲ ತಾವು ಸಹಿ ಮಾಡಿಕೊಟ್ಟದ್ದನ್ನು ಹೇಳಿ, "ಮಾಡಿಕೊಡ್ರಿ ಉಸ್ತಾದ್, ನಿಮ್ಮ ಸಹಿ ಏನು ಸವಿತದ?" ಅಂದರು. ನಾನು ಬೈಕಿಗೆ ಕಿಕ್ ಹೊಡೆದೆ.

ಮೂರನೇ ಸಲದ್ದೇ ನನ್ನನ್ನು ಇವತ್ತಿಗೂ ಸುಡುವುದು.

ಗರ್ಭಪಾತದ ಕಾಯ್ದೆಯಲ್ಲಿ ಕೆಲವರಿಗೆ ಇದ್ದ ಇಪ್ಪತ್ತು ವಾರದ ಮಿತಿಯನ್ನು ಇಪ್ಪತ್ನಾಲ್ಕಕ್ಕೆ ಏರಿಸಿದ ಮೇಲೆ ನಮ್ಮ ಸಭೆಗಳಲ್ಲಿ ಅದರ ಮಾತು ನಡೆದೇ ಇತ್ತು. ರಾಯಚೂರಿನಲ್ಲಿ ಐದಾರು ಸಭೆಗಳು ಕೂಡಿ ಒಂದು ಕೂಟ ಇಟ್ಟವು. ಹೊರಗಿನಿಂದ ಬಂದ ಬೋಧಕರು, ಜೀವ ಕೊಡುವವನು ಕರ್ತನು, ಗರ್ಭದಲ್ಲಿದ್ದಾಗಲೇ ಅದು ಆತನದು, ಕಾಯ್ದೆ ಬಿಗಿಯಾಗಬೇಕು ಎಂದು ಎರಡು ತಾಸು ಮಾತಾಡಿದರು. ನನ್ನ ಎದೆ ಉಬ್ಬಿತು. ಆ ಹಲಗೆಯಿಂದ ಜಾರಿದ ಬಸುರಿಯೇ ಕಣ್ಣ ಮುಂದೆ ಬಂದಳು. ಜಿಲ್ಲಾಧಿಕಾರಿಗಳಿಗೆ ಕೊಡುವ ಮನವಿಯನ್ನು ಓದುವ ಕೆಲಸ ನನಗೇ ಬಂತು.

ಓದಿ ಮುಗಿಸಿದಾಗ ನಮ್ಮದೇ ಸಭೆಯ ಒಬ್ಬ ನಿವೃತ್ತ ನರ್ಸಮ್ಮ ಎದ್ದರು. ಮೂವತ್ತು ವರ್ಷ ಹೆರಿಗೆ ಮಾಡಿಸಿದವರು, ಬಿಳಿ ಸೀರೆ, ಸಣ್ಣ ದನಿ. ಕದ್ದುಮುಚ್ಚಿ ಹಳ್ಳಿಯಲ್ಲಿ ಏನೇನೋ ಮಾಡಿಸಿಕೊಂಡು ರಕ್ತ ನಿಲ್ಲದೆ ಬಂದ ಹೆಣ್ಣುಮಕ್ಕಳನ್ನು ನಾನು ಕೈಯಾರೆ ತೊಳೆದು ಮಲಗಿಸಿದ್ದೇನೆ, ಎಲ್ಲರೂ ಎದ್ದು ಮನೆಗೆ ಹೋಗಲಿಲ್ಲ ಅಂದರು. ತಾವೂ ಜೀವ ದೇವರದು ಎಂದೇ ನಂಬಿದವರು ಅಂದರು. ಆಮೇಲೆ ಕೇಳಿದರು: "ಈ ಮನವಿಯೊಳಗ ಕೂಸಿನ ಬಗ್ಗೆ ಎರಡು ಪುಟ ಅದ. ಹೆರಾಕಿ ಬಗ್ಗೆ ಒಂದು ಸಾಲು ಎಲ್ಲದ, ತೋರಸ್ರಿ ಹಿರಿಯರೇ."

ಕಾಗದ ನನ್ನ ಕೈಯಲ್ಲೇ ಇತ್ತು. ಅಂಥ ಸಾಲು ಇರಲಿಲ್ಲ. ಇಲ್ಲ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ನಾನು, "ಸೂಜಿ ಚುಚ್ಚಿ ಚುಚ್ಚಿ ಅಮ್ಮಾರ ಮನಸು ಗಟ್ಟಿ ಆಗ್ಯಾದ" ಅಂದೆ. ಗಂಡಸರ ಕಡೆಯಿಂದ ನಗು ಬಂತು. ನರ್ಸಮ್ಮ ಕೂತರು. ನಾನು ಪೆನ್ನು ಬಿಚ್ಚಿ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದೊಡ್ಡದಾಗಿ ಸಹಿ ಹಾಕಿದೆ. ಎರಡು ಗೆರೆ, ಒಂದು ಚುಕ್ಕೆ.

ಮಾನ್ವಿಗೆ ತಿರುಗಿ ಬರುವಾಗ ಒಂದೇ ಟೆಂಪೋದಲ್ಲಿ ಸಭೆಯ ಇಪ್ಪತ್ತು ಜನ. ಆಕೆ ನನ್ನ ಎದುರಿಗೆ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಕೂತಿದ್ದಳು. ಊರು ದಾಟಿದ ಮೇಲೆ ಪ್ಲಾಸ್ಟಿಕ್ ಚೀಲದಿಂದ ಅದೇ ಫಾರ್ಮು ತೆಗೆದಳು. ಮಡಚಿದ ಕಡೆ ಹರಿಯಲು ಬಂದಿತ್ತು. "ಪೆನ್ನು ಹೆಂಗೂ ಬಿಚ್ಚೀರಿ ಅಣ್ಣಾ, ಇದಕ್ಕೂ ಒಂದು ಹಾಕಿಬಿಡ್ರಿ" ಅಂದಳು. ನಗುತ್ತಲೇ ಅಂದಳು, ಆದರೆ ಕಣ್ಣು ನಗುತ್ತಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಜೊತೆಗೆ ಇನ್ನೊಂದು ಮಾತೂ ಕೇಳಿದಳು. ಬುಟ್ಟಿ ಹೊರುವ ಬದಲು ಗೋಡೆಗೆ ನೀರು ಹೊಡೆಯುವುದು, ಉಸುಕು ಜರಡಿ ಹಿಡಿಯುವುದು, ಇಂಥ ಹಗುರ ಕೆಲಸ ಕೆಲವು ತಿಂಗಳು ಸಿಕ್ಕೀತೇ ಎಂದು.

ಕೂಟದ ನಶೆ ನನಗೆ ಇಳಿದಿರಲಿಲ್ಲ. "ಅದು ದೇವರ ಕೆಲಸ ಇತ್ತು, ಸಹಿ ಹಾಕಿದೆ. ಇದು ಸರಕಾರದ್ದು" ಅಂದೆ. ಹಗುರ ಕೆಲಸ ಬೇಕಾದವರು ಆಫೀಸಿನಲ್ಲಿ ನೌಕರಿ ಹುಡುಕಬೇಕು, ಹತ್ತನೇ ಪಾಸಾದವರಿಗೆ ಸಿಗುತ್ತದಂತಲ್ಲ ಎಂದೂ ಸೇರಿಸಿದೆ. ಟೆಂಪೋದಲ್ಲಿ ಎಲ್ಲರೂ ನಕ್ಕರು. ಆಕೆ ಫಾರ್ಮು ಮಡಚಿ ಇಟ್ಟುಕೊಂಡಳು. ಆಗ ಆಕೆಗೆ ಎರಡು ತಿಂಗಳು ನಡೆದಿತ್ತು. ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದರ ಹಿಂದೆ ನಾನು ಬಹಳ ದಿನ ಅಡಗಿ ಕೂತೆ. ಕೇಳಬಹುದಿತ್ತಲ್ಲ, ಹಗುರ ಕೆಲಸ ಯಾಕವ್ವಾ ಎಂದು.

ನಮ್ಮ ಸಭೆಯಲ್ಲಿ ಒಂದು ಪದ್ಧತಿ ಇದೆ. ಕರ್ತನ ಭೋಜನದ ಹಿಂದಿನ ಶನಿವಾರ ಹಿರಿಯರು ಮನೆ ಮನೆಗೆ ಹೋಗಿ ವಿಚಾರಿಸುತ್ತಾರೆ. ಯಾರ ಜೊತೆಗಾದರೂ ಜಗಳ ಇದೆಯೇ, ಮನಸ್ಸಿನಲ್ಲಿ ಭಾರ ಇದೆಯೇ, ಇದ್ದರೆ ಪ್ರಾರ್ಥನೆ ಮಾಡಿ ಹಗುರ ಮಾಡಿಕೊಂಡು ಕರ್ತನ ಮೇಜಿಗೆ, ಅಂದರೆ ಆ ಭೋಜನಕ್ಕೆ, ಬರಬೇಕು. ಮುಂದಿನ ತಿಂಗಳ ಶನಿವಾರ ನಾನು ಆಕೆಯ ಖೋಲಿಗೆ ಹೋದೆ. ಗಂಡ ಗೋಡೆಗೆ ಒರಗಿ ಕೂತಿದ್ದ. ಸಮಾಧಾನ ಅದನವ್ವಾ ಎಂದು ಕೇಳಿದೆ. ಎಲ್ಲರೂ ಅದಕ್ಕೆ ಹೌದು ಅನ್ನುತ್ತಾರೆ, ನಾವು ಮುಂದಿನ ಮನೆಗೆ ಹೋಗುತ್ತೇವೆ. ಆಕೆ ಇಲ್ಲ ಅಂದಳು. ರಾಯಚೂರಿಗೆ ಹೋಗಿ, ಎರಡೂವರೆ ತಿಂಗಳದ್ದನ್ನು ತೆಗೆಸಿಕೊಂಡು ಬಂದು ಹತ್ತು ದಿನವಾಯಿತು, ನಿದ್ದೆ ಬರುವುದಿಲ್ಲ, ಪ್ರಾರ್ಥನೆ ಮಾಡ್ರಿ ಅಣ್ಣಾ ಅಂದಳು.

ಮುಚ್ಚಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ಹಿರಿಯ ಎಂದು ನಂಬಿ ಹೇಳಿದಳು. ನಾನು ಪ್ರಾರ್ಥನೆ ಮಾಡಲಿಲ್ಲ. ಚಪ್ಪಲಿ ಮೆಟ್ಟಿ ಸೀದಾ ಪಾಸ್ಟರ್ ಮನೆಗೆ ಹೋದೆ. ಪಾಸ್ಟರ್ ಮೆತ್ತಗಿನವರು. ಆಕೆ ತಾನಾಗಿ ಹೇಳಿದ್ದಾಳೆ, ಅಳುತ್ತಿದ್ದಾಳೆ, ಇದನ್ನು ಇಲ್ಲಿಗೇ ಬಿಡೋಣ ಅಂದರು. ನಾನು ಬಿಡಲಿಲ್ಲ. ತಿಂಗಳ ಹಿಂದೆ ಮನವಿ ಕೊಟ್ಟು ಬಂದ ಸಭೆ ಇದು, ಜನ ಏನಂದಾರು ಅಂದೆ. ನಿಮಗೆ ತಿಳಿದಂತೆ ಮಾಡ್ರಿ ಅಂದು ಅವರು ಒಳಗೆ ಹೋದರು.

ಭಾನುವಾರ ಆಕೆ ಹೆಂಗಸರ ಕಡೆ ಮೂರನೇ ಸಾಲಿನಲ್ಲಿ ಕೂತಿದ್ದಳು. ತಟ್ಟೆ ಹಿಡಿದು ಬಂದೆ. ಆಕೆ ಕೈ ಚಾಚಿದಳು. ನಾನು ತಟ್ಟೆಯನ್ನು ಆಕೆಯ ಕೈಯ ಮೇಲಿಂದ ದಾಟಿಸಿ ಪಕ್ಕದವಳ ಮುಂದೆ ಹಿಡಿದೆ. ಒಂದು ಹನಿಯೂ ಚೆಲ್ಲಲಿಲ್ಲ. ಆಕೆಯ ಕೈ ಹಾಗೇ ನಿಂತಿತ್ತು. ಸಿಮೆಂಟಿಗೆ ಬೆರಳ ಸಂದಿಯಲ್ಲೆಲ್ಲ ಬಿರುಕು, ಉಗುರಿನ ಸುತ್ತ ಬಿಳಿ. ಅದು ನನ್ನ ಸೈಟಿನ ಸಿಮೆಂಟು. ಪಕ್ಕದವಳು ಲೋಟ ತೆಗೆದುಕೊಳ್ಳದೆ ನನ್ನ ಮುಖ ನೋಡಿದಳು. ಇಡೀ ಸಭೆಗೆ ತಿಳಿಯಲು ಅಷ್ಟು ಸಾಕಾಯಿತು. ಆಕೆ ಕೈ ಎಳೆದುಕೊಂಡು ಸೆರಗಿನೊಳಗೆ ಇಟ್ಟುಕೊಂಡಳು, ಕೊನೆಯ ಹಾಡಿನವರೆಗೆ ಕೂತೇ ಇದ್ದಳು. ನಾನು ತಟ್ಟೆ ಇಟ್ಟು ನನ್ನ ಜಾಗಕ್ಕೆ ಬಂದಾಗ ಒಂದು ದೊಡ್ಡ ಕೆಲಸ ಮಾಡಿದೆ ಅನ್ನಿಸಿತ್ತು. ಇದನ್ನು ಬರೆಯಲು ನಾಚಿಕೆ ಬರುತ್ತದೆ, ಆದರೆ ಅನ್ನಿಸಿದ್ದು ಅದೇ.

ಸೋಮವಾರ ಬರಲಿಕ್ಕಿಲ್ಲ ಅಂದುಕೊಂಡಿದ್ದೆ. ಬಂದಳು. ಮಧ್ಯಾಹ್ನದವರೆಗೆ ಬುಟ್ಟಿ ಹೊತ್ತಳು, ಯಾರ ಜೊತೆಗೂ ಮಾತಿಲ್ಲ. ಊಟದ ಹೊತ್ತಿಗೆ ನನ್ನ ಮುಂದೆ ಬಂದು ನಿಂತಳು. ದೇವರ ಮಾತು ಹೇಳಿ ತಿದ್ದಬೇಕು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಶುರು ಮಾಡಿದಳು.

"ಮೇಸ್ತ್ರಿ, ನಾ ಜಗಳಕ್ಕ ಬಂದಿಲ್ಲ. ದವಾಖಾನ್ಯಾಗ ಕಾಗದ ಕೊಟ್ರು. ಗಂಡನ ಸಹಿ ಬೇಕೇನ್ರಿ ಅಂದೆ. ಬ್ಯಾಡ, ಕಾಯ್ದಿ ಪ್ರಕಾರ ನಿಂದು ಒಂದ ಸಾಕು ಅಂದಳು ಡಾಕ್ಟರಮ್ಮ. ತಗಸಾಕ ನನ್ನ ಸಹಿ ಒಂದ ಸಾಕಾತು. ಇಟ್ಕೊಳ್ಳಾಕ ನಿಮ್ಮ ಸಹಿ ಬೇಕಾಗಿತ್ತು."

ಅದಕ್ಕಾಗಿ ಜೀವ ತೆಗೆಯುವುದೇನು ಎಂದು ನಾನು ಕೇಳಿದೆ. ದನಿ ನನ್ನದೇ, ಆದರೆ ಮೈಕು ಬೇಕಾಗುವಂತಿತ್ತು.

"ಖರೆ ಅದ. ನಾ ಮಾಡಿದ್ದು ನಾ ಹೊರತೀನಿ. ಹೊತ್ಕೊಂಡ ಮೇಜಿಗಿ ಬಂದಿದ್ದೆ. ಹೊಟ್ಟಿ ಕಂಡ್ರ ನೀವು ಹೊರಗ ಹಾಕತೀರಿ, ಮನ್ಯಾಗ ದುಡ್ಯಾವ ಮಲಗ್ಯಾನ, ಒಂದು ಕೂಸು ಅನ್ನ ಕೇಳತದ. ನನ್ನ ಪಾಲಿಂದು ನಾ ಹೊತ್ತೆ. ನಿಮ್ಮ ಪಾಲಿಂದು ಯಾರು ಹೊರಬೇಕು?"

ಅವತ್ತು ಆಕೆ ನನ್ನನ್ನು ಅಣ್ಣಾ ಅನ್ನಲಿಲ್ಲ. ಮುಂದೆ ಎಂದೂ ಅನ್ನಲಿಲ್ಲ. ನಾನು ಎದ್ದು ಹೋಗಿ, ಬೆಳಿಗ್ಗೆ ನೋಡಿಯಾಗಿದ್ದ ಗೋಡೆಯ ಲೆವೆಲ್ಲನ್ನೇ ಮತ್ತೊಮ್ಮೆ ನೋಡಿದೆ. ನಾಲ್ಕು ಸಲ ನೋಡಿದೆ. ಗೋಡೆ ಸರಿ ಇತ್ತು. ಆ ವಾರದಲ್ಲೇ ಆಕೆ ಖೋಲಿ ಖಾಲಿ ಮಾಡಿ ಗಂಡನನ್ನೂ ಮಗಳನ್ನೂ ಕರೆದುಕೊಂಡು ಅರಕೇರಾಕ್ಕೆ ಹೋದಳು.

ಒಮ್ಮೆಲೇ ಬುದ್ಧಿ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ. ಮೊದಲು ಸಿಟ್ಟು ಬಂತು. ತನ್ನ ತಪ್ಪನ್ನು ನನ್ನ ತಲೆಗೆ ಕಟ್ಟಿದಳು ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಹೆಂಡತಿ ಜೋಳ ಹಸನು ಮಾಡುತ್ತ, ತಲೆ ಎತ್ತದೆ, "ಸಹಿ ಕೇಳಿದ್ದು ಖರೆ ಇಲ್ಲೇನು?" ಅಂದಳು, ಅಷ್ಟೇ. ಆಮೇಲೆ ನರ್ಸಮ್ಮನ ಮನೆಗೆ ಹೋದೆ, ನಾನು ಸರಿ ಎಂದು ಯಾರಾದರೂ ಹೇಳಲಿ ಎಂಬ ಆಸೆ ಇತ್ತು. ಅವರು ಚಹಾ ಕೊಟ್ಟರು. ಕೂಟದಲ್ಲಿ ನಾನು ಆಡಿದ ಮಾತು ಎತ್ತಲಿಲ್ಲ. ಆಕೆ ದವಾಖಾನೆಗೆ ಹೋದದ್ದು ಎಷ್ಟನೇ ವಾರಕ್ಕೆ ಎಂದು ಕೇಳಿದರು. ಹತ್ತೋ ಹನ್ನೊಂದೋ ಅಂದೆ. ನಾವು ಜಗಳಾಡಿ ಮನವಿ ಕೊಟ್ಟದ್ದು ಇಪ್ಪತ್ತರ ಮೇಲಿನ ವಾರಗಳ ಬಗ್ಗೆ. ಸರಕಾರ ಅದನ್ನು ನಾವು ಕೇಳಿದಂತೆ ತಿದ್ದಿದ್ದರೂ ಆ ಕೂಸು ಉಳಿಯುತ್ತಿರಲಿಲ್ಲ. ಅದನ್ನು ಉಳಿಸಬಹುದಾದದ್ದು ಮಾನ್ವಿಯಲ್ಲಿ ನನ್ನ ಅಂಗಿಯ ಕಿಸೆಯ ಪೆನ್ನಿನಲ್ಲಿತ್ತು. ಉಳಿಸುತ್ತಿತ್ತು ಎಂದು ಖಂಡಿತ ಹೇಳಲು ನಾನು ದೇವರಲ್ಲ. ಆದರೆ ಆಕೆ ಮೂರು ಸಲ ಆ ಬಾಗಿಲು ಬಡಿದಿದ್ದಳು.

ಗರ್ಭದಲ್ಲಿರುವುದು ಜೀವ ಎಂದು ಇವತ್ತು ಕೇಳಿದರೂ ಹೇಳುತ್ತೇನೆ. ಅದರಲ್ಲಿ ನಾನು ಬದಲಾಗಿಲ್ಲ. ಬದಲಾದದ್ದು ಇಷ್ಟೇ: ಕಾಯ್ದೆ ಬಿಗಿ ಮಾಡಿ ಎಂದು ದಿಲ್ಲಿಯವರಿಗೆ ಹೇಳುವ ಮೊದಲು ನನ್ನ ಸೈಟಿನ ಕಾನೂನನ್ನು ಯಾರು ನ್ಯಾಯಕ್ಕೆ ನಿಲ್ಲಿಸಬೇಕಿತ್ತು ಎಂದು ಕೇಳಿಕೊಳ್ಳುತ್ತೇನೆ. ಆ ಕಾನೂನು ಮಾಡಿದವನೂ ನಾನೇ, ಅದಕ್ಕೆ ಆಮೆನ್ ಅನ್ನಿಸಿಕೊಂಡವನೂ ನಾನೇ.

ಒಂದು ಹೊಸ ಫಾರ್ಮು ತಂದು, ಅಕ್ಷರ ಅಕ್ಷರ ಓದಿ, ತುಂಬಿ, ಸಹಿ ಮಾಡಿ ಅರಕೇರಾಕ್ಕೆ ಹೋದೆ. ದೇವದುರ್ಗ ದಾಟುವವರೆಗೆ ಏನು ಹೇಳಬೇಕು ಎಂದು ಬಾಯಿಪಾಠ ಮಾಡಿಕೊಂಡೆ. ಮನೆಯ ಮುಂದೆ ಹೋಗಿ ನಿಂತರೆ ಒಂದು ಮಾತೂ ಬರಲಿಲ್ಲ. ಫಾರ್ಮು ಚಾಚಿದೆ. ಆಕೆ ಮೇಲಿಂದ ಕೆಳಗೆ ಓದಿದಳು.

"ಈಗ ಇದು ಯಾರ ಸಲುವಾಗಿ ಮೇಸ್ತ್ರಿ?" ಅಂದಳು.

ಅವರ ಹೊಸ್ತಿಲ ಮುಂದಿನ ಮೆಟ್ಟಿಲು ಒಡೆದಿತ್ತು. ನನಗೆ ಕೈಗೆ ಒಂದು ಕೆಲಸ ಬೇಕಿತ್ತು. ಬೈಕಿನ ಡಬ್ಬಿಯಿಂದ ಕರಣಿ ತೆಗೆದೆ, ಪಕ್ಕದ ಮನೆ ಕಟ್ಟುತ್ತಿದ್ದವರಿಂದ ಒಂದು ಬುಟ್ಟಿ ಗಾರೆ ಕೇಳಿ ತಂದು ಕೂತು ಮೆಟ್ಟಿಲು ತಿದ್ದತೊಡಗಿದೆ. ಆಕೆ ಬಾಗಿಲಲ್ಲಿ ನಿಂತು ನೋಡಿದಳು. ಒಳಗಿದ್ದ ಗಂಡನಿಗೆ, "ನೋಡ್ರಿ, ಮಾತು ಬಾಯಿಲೆ ಬರಲಾರದ್ದಕ್ಕ ಸಿಮೆಂಟಿಲೆ ಹೇಳಾಕತ್ತಾರ" ಅಂದಳು. ಅಷ್ಟು ದಿನದ ಮೇಲೆ ಆಕೆಯ ಹಳೆಯ ದನಿ ಕೇಳಿ ನನಗೆ ಅಳು ಬಂತು. ತಲೆ ಎತ್ತದೆ ತಪ್ಪಾಯಿತು ಅಂದೆ. ಆಕೆ, ನನ್ನ ಹೊಸ್ತಿಲ ಮುಂದೆ ಹೇಳಿದರೆ ಏನಾಗುತ್ತದೆ, ನನ್ನನ್ನು ಬಿಟ್ಟು ತಟ್ಟೆ ದಾಟಿಸಿದ್ದು ಎಲ್ಲರ ಮುಂದೆ ಅಲ್ಲವೇ ಅಂದಳು. ಫಾರ್ಮನ್ನು ತಿರುಗಿ ಕೊಟ್ಟಳು. ಸೈಟಿನಲ್ಲಿ ಉಳಿದ ಹೆಣ್ಣುಮಕ್ಕಳಿಗೆ ಮೊದಲು ಮಾಡಿಕೊಡಿ, ತನ್ನದು ನೋಡೋಣ ಎಂದಳು.

ಮುಂದಿನ ಭಾನುವಾರ ಸಾಕ್ಷಿಯ ಹೊತ್ತಿಗೆ ಎದ್ದೆ. ಆಕೆಯ ತಪ್ಪನ್ನಲ್ಲ, ನನ್ನದನ್ನು ಹೇಳುತ್ತೇನೆ ಅಂದೆ. ಫಾರ್ಮಿನ ಕಥೆ, ಟೆಂಪೋದ ಮಾತು ಹೇಳಿದೆ. ತಟ್ಟೆ ದಾಟಿಸಿದ್ದಕ್ಕೆ ಬಂದಾಗ ಟೆಂಪೋದ ಮಾತನ್ನೇ ಮತ್ತೆ ಮೊದಲಿನಿಂದ ಹೇಳತೊಡಗಿದೆ. ಮುಂದಿನ ಸಾಲಿನವರು ನೆಲ ನೋಡುತ್ತಿದ್ದರು. ಪಾಸ್ಟರ್ ನನಗೆ ಸಹಾಯವಾಗಲಿ ಎಂದೋ ಏನೋ ಹಾಡು ಎತ್ತಿಬಿಟ್ಟರು. ಅರ್ಧ ಮಾತು ಹಾಡಿನ ಕೆಳಗೆ ಹೋಯಿತು. ಇನ್ನೊಮ್ಮೆ ಎದ್ದು ಪೂರಾ ಹೇಳುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಅವತ್ತೇ ತಟ್ಟೆಯ ಕೆಲಸ ಬಿಟ್ಟೆ. ಬಿಡಿಸಿದವರು ಯಾರೂ ಇಲ್ಲ.

ಆಕೆ ಮಾನ್ವಿಗೆ ತಿರುಗಿ ಬರಲಿಲ್ಲ. ಗಂಡ ಗುಣವಾಗಿದ್ದಾನೆ, ಇಬ್ಬರೂ ಸಿರವಾರದಲ್ಲಿ ಬೇರೆ ಮೇಸ್ತ್ರಿಯ ಹತ್ತಿರ ಇದ್ದಾರೆ. ಅಲ್ಲಿಯ ಸಭೆಯಲ್ಲಿ ಆಕೆ ಭಾನುವಾರ ಹೋಗಿ ಹಿಂದೆ ಕೂರುತ್ತಾಳೆ, ಹಾಡುತ್ತಾಳೆ, ಆದರೆ ಲೋಟ ಬಂದಾಗ ಕೈ ಚಾಚುವುದಿಲ್ಲ ಎಂದು ನರ್ಸಮ್ಮ ಹೇಳಿದರು. ಅಲ್ಲಿ ಯಾರೂ ಆಕೆಯನ್ನು ಬಿಟ್ಟಿಲ್ಲ. ತಟ್ಟೆ ಪ್ರತಿ ಸಲ ಆಕೆಯ ಮುಂದೆ ನಿಲ್ಲುತ್ತದಂತೆ.

ಈಗ ನನ್ನ ಹತ್ತಿರ ಇರುವುದು: ಒಂದು ಕಾಂಕ್ರೀಟ್ ಮಿಕ್ಸರ್, ಒಂದು ಹಳೆಯ ಬೈಕು, ಹದಿನಾಲ್ಕು ಜನ ಕೆಲಸದವರು. ಅವರಲ್ಲಿ ಹೆಣ್ಣುಮಕ್ಕಳು ಆರು. ಆರು ಮಂದಿಗೂ ಕಾರ್ಡು ಆಗಿದೆ. ಒಬ್ಬಳಿಗೆ ಐದು ತಿಂಗಳು, ಗೋಡೆಗೆ ನೀರು ಹೊಡೆಯುತ್ತಾಳೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು. ಚರ್ಚಿನಲ್ಲಿ ಗಂಡಸರ ಕಡೆ ಕೊನೆಯ ಸಾಲಿನಲ್ಲಿ ಒಂದು ಜಾಗ. ಪೆಟ್ಟಿಗೆಯಲ್ಲಿ ಒಂದು ಫಾರ್ಮು, ಆಕೆಯ ಹೆಸರಿನದು, ನನ್ನ ಸಹಿ ಆದದ್ದು.